ಕಾಕಾನ ಪ್ರೆಸ್ಸಿಗೊಬ್ಬ ಕಾವಲುಗಾರ

ಹೋದ ವರ್ಷ ಅಕ್ಟೋಬರಿನ ಒಂದು ಬೆಳಿಗ್ಗೆ ಗದಗದಿಂದ ಕಾಕಾನ ಫೋನ್ ಬಂತು. ನಮ್ಮ ಕಾಕಾ ಪೂಜೆ, ನಾಷ್ಟಾ ಮುಗಿಯುವ ತನಕ ಯಾರಿಗೂ ಫೋನ್ ಮಾಡುವವರಲ್ಲ. ಆರೂವರೆಗೇ ಅವರ ಹೆಸರು ಕಂಡು ಎದೆ ಧಸಕ್ಕೆಂದಿತು.

“ತಮ್ಮಾ, ಪ್ರೆಸ್ಸಿನ ಕಂಪ್ಯೂಟರಿನಾಗ ಎಲ್ಲಾ ಫೈಲಿನ ಹೆಸರು ಬದಲಾಗ್ಯಾವ. ಒಂದೂ ತೆರೀವಲ್ಲದು. ಫೋಲ್ಡರಿಗೊಂದು ಇಂಗ್ಲಿಷ್ ಚೀಟಿ ಇಟ್ಟಾರ. ರೊಕ್ಕ ಕೇಳ್ಯಾರ.”

ಗದಗ ಅಂದರೆ ಅಚ್ಚಿನ ಮನೆಗಳ ಊರು. ಕಾಕಾನ ಪ್ರೆಸ್ಸು ಅದರಲ್ಲೊಂದು. ದಸರೆ ಮುಗಿಯಿತೆಂದರೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮೊದಲು ಡೈರಿ, ಕ್ಯಾಲೆಂಡರು, ಅದರ ಬೆನ್ನಿಗೇ ಮದುವೆ ಪತ್ರಿಕೆಗಳ ಸುಗ್ಗಿ. ಸರಿಯಾಗಿ ಆ ಸುಗ್ಗಿಯ ಹೊಸ್ತಿಲಲ್ಲೇ ಯಾರೋ ಬಂದು ಮೂವತ್ತು ವರ್ಷದ ಸಂಸಾರಕ್ಕೆ ಬೀಗ ಜಡಿದು, ಕೀಲಿಕೈಗೆ ಹಣ ಕೇಳುತ್ತಿದ್ದರು.

“ರೊಕ್ಕದ ಮಾತು ಆಮೇಲೆ. ಮೊದಲು ಎಲ್ಲಾ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕಿತ್ತು ಹಾಕ್ರಿ, ಈಗಲೇ” ಅಂದೆ. ಫೋನು ಹಿಡಿದುಕೊಂಡೇ ಅವರು ಓಡಿದ ಚಪ್ಪಲಿ ಸಪ್ಪಳ ಕೇಳಿಸಿತು.

ಈ ಅಂಕಣದಲ್ಲಿ ಸಾಮಾನ್ಯವಾಗಿ ನಿಮ್ಮ ಪತ್ರಗಳಿಗೆ ಉತ್ತರ ಬರೆಯುತ್ತೇನೆ. ‘ನಮ್ಮ ಅಂಗಡಿಗೆ ಯಾವ ಫೈರ್‌ವಾಲ್ ಕೊಳ್ಳಬೇಕು, ಯಾವ ಕಂಪನಿಯದು ಒಳ್ಳೆಯದು’ ಎಂದು ಕೇಳಿ ಬಂದ ಪತ್ರಗಳು ನನ್ನ ಮೇಜಿನ ಮೇಲೆ ಬಹಳ ದಿನದಿಂದ ಕೂತಿವೆ. ಅದಕ್ಕೆ ಉತ್ತರವಾಗಿ ಈ ಸಲ ಕಾಕಾನ ಕಥೆಯನ್ನೇ ಹೇಳುತ್ತೇನೆ. ಹೇಳಲು ಅವರ ಅಪ್ಪಣೆ ಪಡೆದಿದ್ದೇನೆ. “ಊರ ಮಂದಿಗೆ ಉಪಯೋಗ ಆಗತದಂದ್ರ ಬರಿ. ಪ್ರೆಸ್ಸಿನ ಹೆಸರು ಮಾತ್ರ ಹಾಕಬ್ಯಾಡ” ಅಂದಿದ್ದಾರೆ.

ಮೊದಲು ಕಳ್ಳ ಬಂದ ದಾರಿ. ಕಾಕಾನ ಮಗ, ಅಂದರೆ ನನ್ನ ತಮ್ಮ, ಹುಬ್ಬಳ್ಳಿಯ ಅಂಗಡಿಯಲ್ಲಿ ಕೂರುತ್ತಾನೆ. ರಾತ್ರಿ ಅಲ್ಲಿಂದಲೇ ಗದಗದ ಟ್ಯಾಲಿ ಲೆಕ್ಕ ನೋಡುವ ಆಸೆ ಅವನದು. ಕಂಪ್ಯೂಟರ್ ರಿಪೇರಿಯ ಹುಡುಗ ಬಂದು ಇಂಟರ್ನೆಟ್ಟಿನ ರೂಟರಿನಲ್ಲಿ ಒಂದು ದಾರಿ ತೆರೆದುಕೊಟ್ಟ. ಅದು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಎಂಬ ಸೌಲಭ್ಯ, ಪೋರ್ಟ್ ಸಂಖ್ಯೆ 3389. ಪಾಸ್‌ವರ್ಡು ಪ್ರೆಸ್ಸಿನ ಹೆಸರು, ಅದರ ಮುಂದೆ ಒಂದು ಎರಡು ಮೂರು. ಎರಡು ವರ್ಷ ಎಲ್ಲವೂ ಸಸೂತ್ರ ನಡೆಯಿತು. ಆ ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಕೇಳಿದ ಕೆಲಸ ಮಾಡಿಕೊಟ್ಟಿದ್ದ ಅಷ್ಟೆ, ಬೇಡವೆನ್ನಲು ಅವನಿಗೆ ಯಾರೂ ಕಲಿಸಿರಲಿಲ್ಲ.

“ನಮ್ಮಂಥಾ ಸಣ್ಣವರ ವಿಳಾಸ ಅವರಿಗೆ ಹೆಂಗ ಸಿಕ್ತು?” ಇದು ಕಾಕಾನ ಪ್ರಶ್ನೆ. ಯಾರೂ ಹುಡುಕಿರಲಿಲ್ಲ ಎಂಬುದೇ ಇಲ್ಲಿನ ಸಂಗತಿ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ. ಬಹಳ ಅನ್ನಿಸುತ್ತದಲ್ಲ? 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಎಂಬ ತಂತ್ರಾಂಶ ಮಾಡಿ, ಒಂದೇ ಕಂಪ್ಯೂಟರಿನಿಂದ ಅಷ್ಟೂ ವಿಳಾಸಗಳ ಒಂದೊಂದು ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ತೋರಿಸಿದರು. ಅವರು ಮಾಡಿದ್ದು ಸಂಶೋಧನೆಗೆ. ಕಳ್ಳರ ಬಳಿಯೂ ಅಂಥವೇ ಸಾಧನಗಳಿವೆ. ಬಾಗಿಲು ತೆರೆದಿದೆಯೇ ಎಂದು ಯಂತ್ರ ನೋಡುತ್ತದೆ, ಪಾಸ್‌ವರ್ಡುಗಳನ್ನೂ ಯಂತ್ರವೇ ಒಂದಾದ ಮೇಲೊಂದು ಹಾಕುತ್ತ ಹೋಗುತ್ತದೆ. ಒಳಗಿರುವುದು ಬ್ಯಾಂಕೋ, ಅಚ್ಚಿನ ಮನೆಯೋ ಎಂಬುದು ಮನುಷ್ಯನ ಕಣ್ಣಿಗೆ ಬೀಳುವುದು ಕೊನೆಗೆ.

ಏನು ಉಳಿಯಿತು, ಏನು ಹೋಯಿತು ಹೇಳಿಬಿಡುತ್ತೇನೆ. ಲೆಕ್ಕ ಬರೆಯುವ ಮೇಷ್ಟ್ರು ಪ್ರತಿ ಶನಿವಾರ ಟ್ಯಾಲಿಯ ಪ್ರತಿಯನ್ನು ಒಂದು ಡಿಸ್ಕಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು. ಅದಕ್ಕಾಗಿ ಎಲ್ಲರೂ ಅವರನ್ನು ನಗುತ್ತಿದ್ದರು. ಲೆಕ್ಕ ಉಳಿದದ್ದು ಅದರಿಂದ. ಐದು ದಿನದ ಬಿಲ್ಲುಗಳನ್ನು ಮತ್ತೆ ಬರೆದದ್ದಾಯಿತು. ಆದರೆ ಹನ್ನೊಂದು ವರ್ಷದ ಮದುವೆ ಪತ್ರಿಕೆಗಳ ವಿನ್ಯಾಸಗಳು, ಡಿಸೈನ್ ಮಾಡುವ ಅಕ್ಕ ಕೈಯಾರೆ ಬರೆದು ಸ್ಕ್ಯಾನ್ ಮಾಡಿದ ಬಳ್ಳಿ, ತೋರಣ, ಗಣಪತಿ ಎಲ್ಲ ಹೋದವು. 2016ರಲ್ಲಿ ಯುರೋಪೋಲ್, ಡಚ್ ಪೊಲೀಸರು ಮತ್ತು ಎರಡು ಕಂಪನಿಗಳು ಸೇರಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣವಿದೆ. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿಕೈ ಸಿಗುತ್ತದೆ. ಕಾಕಾನ ಬೀಗಕ್ಕೆ ಸಿಗಲಿಲ್ಲ. ದೂರು ಕೊಟ್ಟರು. ಹಣ ಕೊಡಲಿಲ್ಲ.

ಹದಿನೈದು ದಿನ ಬಿಟ್ಟು ನಾನು ಗದಗಕ್ಕೆ ಹೋದಾಗ ಮೇಜಿನ ಮೇಲೆ ಮೂರು ಕೊಟೇಶನ್ ಇದ್ದವು. ಕಾಕಾ ಅವುಗಳ ಮೇಲೆ ಪ್ರೂಫ್ ತಿದ್ದುವ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದರು. ಒಂದು 1,35,000 ರೂಪಾಯಿಯದು. ಇನ್ನೊಂದು 18,000, ‘ಜೀವನಪೂರ್ತಿ ಖರ್ಚಿಲ್ಲ’ ಎಂಬ ಒಕ್ಕಣೆ ಬೇರೆ. ಮೂರನೆಯದು 58,000, ಮುಂದೆ ವರ್ಷಕ್ಕೆ 24,000.

“ಇದರಾಗ ಯಾವುದು ಛಲೋ ಹೇಳು, ಇವತ್ತ ತರಸೋಣು” ಅಂದರು.

“ಅದನ್ನ ನಾಳೆ ನೋಡೋಣ ಕಾಕಾ. ಇವತ್ತು ಪ್ರೆಸ್ಸು ತೋರಸ್ರಿ” ಅಂದೆ.

ಏಳನೇ ಇಯತ್ತೆಯಲ್ಲಿ ಓದುವ ಕಾಕಾನ ಮೊಮ್ಮಗಳು ನೋಟುಬುಕ್ಕು ಹಿಡಿದು ನಮ್ಮ ಹಿಂದೆ ಹೊರಟಳು. ಮಕ್ಕಳೇ, ಅವಳು ಕೇಳಿದ ಪ್ರಶ್ನೆ ನಿಮ್ಮದೂ ಆಗಿರಬಹುದು: “ದೊಡ್ಡಪ್ಪಾ, ಇದಕ್ಕ ಬೆಂಕಿ ಗ್ವಾಡಿ ಅಂತ ಯಾಕಂತಾರ? ಕಂಪ್ಯೂಟರಿಗೆ ಬೆಂಕಿ ಹತ್ತತದೇನು?”

ಹತ್ತುವುದಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೆ ನಮ್ಮ ಮನೆಗೆ ಹಬ್ಬದಂತೆ ನಡುವೆ ಕಟ್ಟುವ ದಪ್ಪ ಗೋಡೆಗೆ ಇಂಗ್ಲಿಷಿನಲ್ಲಿ ಫೈರ್‌ವಾಲ್ ಎನ್ನುತ್ತಾರೆ. ಕಾರಿನ ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡಿಗೂ ಅದೇ ಹೆಸರು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ಪುಟ್ಟ ಪ್ರೋಗ್ರಾಮು ತನ್ನಷ್ಟಕ್ಕೆ ತಾನೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬುತ್ತ, ಆಗಿನ ಅಂದಾಜಿನಂತೆ 6,000 ಕಂಪ್ಯೂಟರುಗಳನ್ನು ಮಂಡಿಯೂರಿಸಿತು. ಅಲ್ಲಿಯವರೆಗೆ ಇಂಟರ್ನೆಟ್ಟು ಬಾಗಿಲು ತೆರೆದಿಟ್ಟು ಮಲಗುವ ಹಳ್ಳಿಯಂತಿತ್ತು. ಆ ಬೆಂಕಿಯ ಬಿಸಿ ತಟ್ಟಿದ ಮೇಲೆ ಗೋಡೆಯ ವಿಚಾರಕ್ಕೆ ಬೆಲೆ ಬಂತು.

ಹೆಸರು ಗೋಡೆಯಾದರೂ ಕೆಲಸ ಮಾತ್ರ ಗೇಟಿನ ಕಾವಲುಗಾರನದು. ಮೊದಲ ಕಾಲದವನು ಬಂದವರ ವಿಳಾಸ ಮತ್ತು ಬಾಗಿಲಿನ ಸಂಖ್ಯೆ ಅಷ್ಟನ್ನೇ ನೋಡುತ್ತಿದ್ದ. ಒಂದು ವಿಳಾಸಕ್ಕೆ 65,535 ಬಾಗಿಲು, ಅವೇ ಪೋರ್ಟುಗಳು. 1994ರಲ್ಲಿ ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ ಹೊರತಂದ ಫೈರ್‌ವಾಲಿಗೆ ನೆನಪೂ ಇತ್ತು. ಒಳಗಿನಿಂದ ಯಾರು ಯಾರಿಗೆ ಪತ್ರ ಬರೆದರು ಎಂಬುದನ್ನು ಬರೆದಿಟ್ಟುಕೊಂಡು, ಆ ಪತ್ರಕ್ಕೆ ಬಂದ ಉತ್ತರವನ್ನಷ್ಟೇ ಒಳಗೆ ಬಿಡುವುದು. ಈಗಿನವು ಗಂಟು ಬಿಚ್ಚಿಯೂ ನೋಡುತ್ತವೆ: ಇದು ಇಮೇಲೋ, ವಿಡಿಯೋವೋ, ಹಳೆಯ ಕಳ್ಳರ ಬೆರಳಚ್ಚು ಇದರಲ್ಲಿದೆಯೋ.

ಪ್ರೆಸ್ಸು ಸುತ್ತಿದೆವು. ಹದಿನಾಲ್ಕು ಕಂಪ್ಯೂಟರು, ಎಂಟು ಕ್ಯಾಮೆರಾ, ಅವುಗಳ ಡಿವಿಆರ್, ಬೆರಳಿಟ್ಟು ಹಾಜರಿ ಹಾಕುವ ಯಂತ್ರ, ಗಿರಾಕಿಗಳಿಗೂ ಕೊಡುವ ವೈಫೈ. ಇಷ್ಟು ಹುಡುಗಿಯ ನೋಟುಬುಕ್ಕಿಗೆ ಹೋಯಿತು. ಒಳಕೋಣೆಯಲ್ಲಿ ಅಚ್ಚಿನ ಪ್ಲೇಟು ಮಾಡುವ ದೊಡ್ಡ ಯಂತ್ರವಿದೆ. ಅದನ್ನು ನಡೆಸುವ ಕಂಪ್ಯೂಟರಿನಲ್ಲಿ ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಬದಲಾಯಿಸಿ ಅನ್ನುವುದು ನನ್ನ ಬಾಯಿಗೆ ಸುಲಭ. ಆ ಯಂತ್ರದ ತಂತ್ರಾಂಶ ಹೊಸ ವಿಂಡೋಸಿನಲ್ಲಿ ಓಡುವುದಿಲ್ಲ, ಹೊಸ ಯಂತ್ರ ತರಲು ಹೊಲ ಮಾರಬೇಕು. ಸಣ್ಣ ಉದ್ದಿಮೆ ಎಂದರೆ ಹೀಗೇ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಗರಣಿಯ ತೂಕದ ಕಂಪ್ಯೂಟರು, ಎಲ್ಲ ಕಡೆಯೂ ಮುಟ್ಟಲಾರದ ಒಂದು ಮುದಿ ಪೆಟ್ಟಿಗೆ ಇದ್ದೇ ಇರುತ್ತದೆ.

“ಇದಕ್ಕ ಇಂಟರ್ನೆಟ್ ಯಾಕ ಬೇಕು ಕಾಕಾ?”

ಕಾಕಾ ಯಂತ್ರ ನಡೆಸುವವನ ಮುಖ ನೋಡಿದರು. ಅವನು ನೆಲ ನೋಡಿದ. ಮಧ್ಯಾಹ್ನ ಊಟದ ಹೊತ್ತಿಗೆ ಅದರಲ್ಲಿ ಹಾಡು ಹಚ್ಚುತ್ತಿದ್ದನಂತೆ.

ಕ್ಯಾಮೆರಾಗಳ ಕಥೆ ಇನ್ನೂ ಸ್ವಾರಸ್ಯದ್ದು. ಕಳ್ಳರನ್ನು ಹಿಡಿಯಲೆಂದು ಹಾಕಿದ ಡಿವಿಆರಿನ ಪಾಸ್‌ವರ್ಡು ಕಂಪನಿಯಿಂದ ಬಂದಾಗ ಇದ್ದದ್ದೇ. 2016ರಲ್ಲಿ ಮಿರಾಯ್ ಎಂಬ ಪ್ರೋಗ್ರಾಮು ಇಂಥ ಕಾರ್ಖಾನೆ ಪಾಸ್‌ವರ್ಡುಗಳ ಅರವತ್ತರಷ್ಟು ಜೋಡಿಯ ಒಂದು ಪಟ್ಟಿ ಇಟ್ಟುಕೊಂಡು ಜಗತ್ತಿನ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಿಗೆ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಾಗ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಗಂಟೆಗಟ್ಟಲೆ ಸಿಗದಂತಾದವು. ಮಗು ಮಲಗಿದೆಯೇ ಎಂದು ನೋಡಲು ಹಾಕಿದ ಕ್ಯಾಮೆರಾ ಊರಿಗೆ ಕಲ್ಲು ಹೊಡೆಯಲು ಹೋಗಿತ್ತು.

ಪಟ್ಟಿ ಬರೆದ ಮೇಲೆ ಕೊಟೇಶನ್ನುಗಳು ತಾವಾಗಿಯೇ ಮಾತಾಡತೊಡಗಿದವು. ಈ ಪ್ರೆಸ್ಸಿಗೆ ಬೇಕಾದ ಪೆಟ್ಟಿಗೆ ಒಳಗಿನ ಮನೆಯನ್ನು ಮೂರು ನಾಲ್ಕು ಕೋಣೆ ಮಾಡಬಲ್ಲದ್ದಾಗಿರಬೇಕು. ಲೆಕ್ಕ ಮತ್ತು ಡಿಸೈನ್ ಒಂದು ಕೋಣೆ, ಕ್ಯಾಮೆರಾಗಳಿಗೆ ಬೇರೆ, ಗಿರಾಕಿಗಳ ವೈಫೈಗೆ ಬೇರೆ, ಮುದಿ ವಿಂಡೋಸಿಗೆ ಹೊರಗಿನ ಬಾಗಿಲೇ ಇಲ್ಲದ ಒಂದು ಕೋಣೆ. ಒಂದರಲ್ಲಿ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಾಯಬಾರದು. ಹುಡುಗಿ ಇದನ್ನು ಕೇಳಿ “ಅಂದ್ರ ನಿಜವಾದ ಬೆಂಕಿ ಗ್ವಾಡಿ ಮನಿ ಒಳಗ ಬೇಕು, ಹೊರಗಲ್ಲ” ಅಂದಳು. ನನಗೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಸರಳವಾಗಿ ಹೇಳಲು ಆಗಿರಲಿಲ್ಲ. ಜತೆಗೆ ಎರಡು ಇಂಟರ್ನೆಟ್ ಲೈನು ಹಿಡಿಯಬೇಕು, ಹುಬ್ಬಳ್ಳಿಯಿಂದ ಸುರಕ್ಷಿತವಾಗಿ ಒಳಬರುವ ವಿಪಿಎನ್ ಎಂಬ ಸುರಂಗ ಬೇಕು, ಆ ಸುರಂಗಕ್ಕೆ ಪಾಸ್‌ವರ್ಡಿನ ಮೇಲೆ ಫೋನಿಗೆ ಬರುವ ಎರಡನೇ ಗುರುತೂ ಬೇಕು.

ಮೊದಲ ಕೊಟೇಶನ್ನಿನ 1,35,000ದ ಪೆಟ್ಟಿಗೆ ನೂರು ಜನರ ಕಚೇರಿಯದು. ಮಾರುವವನು ‘ಮುಂದೆ ಬೆಳೀತೀರಲ್ಲ ಸರ್’ ಅಂದನಂತೆ. ಅದನ್ನು ಬದಿಗಿಟ್ಟೆವು.

18,000ದ್ದು ಮೇಲ್ನೋಟಕ್ಕೆ ಆಸೆ ಹುಟ್ಟಿಸುವಂಥದ್ದು. ಹೆಸರಾಂತ ಕಂಪನಿಯ ಪೆಟ್ಟಿಗೆಯೇ. ಅದರ ಮಾಡೆಲ್ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹುಡುಕಿದರೆ ಬೆಂಬಲ ಮುಗಿದ ಮಾಡೆಲ್ಲುಗಳ ಪಟ್ಟಿಯಲ್ಲಿ ಸಿಕ್ಕಿತು. ಯಾವುದೋ ಕಚೇರಿ ಬಿಸಾಡಿದ್ದು ಒರೆಸಿಕೊಂಡು ಬಂದಿತ್ತು. ಖರ್ಚಿಲ್ಲ ಅಂದದ್ದು ನಿಜವೇ, ಕೊಟ್ಟರೂ ಇಸಿದುಕೊಳ್ಳುವವರಿಲ್ಲ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಾವಲುಗಾರನೂ ಜಡ್ಡು ಬೀಳುತ್ತಾನೆ. 2020ರ ಏಪ್ರಿಲಿನಲ್ಲಿ ಸೋಫೋಸ್ ಕಂಪನಿಯ ಎಕ್ಸ್‌ಜಿ ಫೈರ್‌ವಾಲಿನಲ್ಲೇ ಒಂದು ತೂತು ಹುಡುಕಿ ಕಳ್ಳರು ನುಗ್ಗಿದರು. ಕಂಪನಿ ಕೂಡಲೇ ತೇಪೆ ಕಳಿಸಿತು. ತೇಪೆ ತಾನಾಗಿ ಹಾಕಿಕೊಳ್ಳುವ ಅನುಮತಿ ಆನ್ ಇದ್ದ ಪೆಟ್ಟಿಗೆಗಳು ಹಾಕಿಕೊಂಡವು. ಬೇರೆ ದೊಡ್ಡ ಕಂಪನಿಗಳ ಪೆಟ್ಟಿಗೆಗಳಲ್ಲೂ ಇಂಥವು ಮೇಲಿಂದ ಮೇಲೆ ಸಿಗುತ್ತಲೇ ಇವೆ. ಹಾಗಾಗಿ ಯಾವ ಬ್ರ್ಯಾಂಡು ಎನ್ನುವುದಕ್ಕಿಂತ ‘ಈ ಮಾಡೆಲ್ಲಿಗೆ ಯಾವ ವರ್ಷದ ತನಕ ತೇಪೆ ಬರುತ್ತದೆ’ ಎಂದು ಕೇಳುವುದು ಮೇಲು. ಉತ್ತರ ಬಾಯಿಮಾತಿನಲ್ಲಿ ಬೇಡ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.

ಮೂರನೆಯದರ ವೇಗದ ಅಂಕಿ ನೋಡಿ ಕಾಕಾ ಖುಷಿಯಾಗಿದ್ದರು. ಈ ಅಂಕಿಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಮಾತಿಗೆ ಫೋರ್ಟಿನೆಟ್ ಕಂಪನಿಯ ಫೋರ್ಟಿಗೇಟ್ 40ಎಫ್ ಎಂಬ ಪುಟ್ಟ ಪೆಟ್ಟಿಗೆ ತಗೊಳ್ಳಿ. ಅದರ ವಿವರಪತ್ರದಲ್ಲಿ ಫೈರ್‌ವಾಲ್ ವೇಗ ಸೆಕೆಂಡಿಗೆ 5 ಗಿಗಾಬಿಟ್ ಎಂದಿದೆ. ಅದೇ ಪತ್ರದಲ್ಲಿ ಎಲ್ಲ ತಪಾಸಣೆಯನ್ನೂ ಹಚ್ಚಿದಾಗಿನ ವೇಗ 600 ಮೆಗಾಬಿಟ್ ಎಂದಿದೆ. ಎಂಟು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಅವರೇನೂ ಮುಚ್ಚಿಟ್ಟಿಲ್ಲ, ಎರಡನ್ನೂ ಅಚ್ಚು ಹಾಕಿದ್ದಾರೆ. ವಿಳಾಸ ನೋಡಿ ಬಿಡುವ ಕಾವಲುಗಾರ ಜನರನ್ನು ಬೇಗ ಬಿಡುತ್ತಾನೆ, ಚೀಲ ಬಿಚ್ಚಿಸುವವನಿಗೆ ಹೊತ್ತು ಹಿಡಿಯುತ್ತದೆ. ನಾವು ದುಡ್ಡು ಕೊಡುವುದು ಚೀಲ ಬಿಚ್ಚಿಸಲು, ಆದ್ದರಿಂದ ಸಣ್ಣ ಅಂಕಿಯೇ ನಮ್ಮದು. ಕಾಕಾನ ಲೈನು 200 ಮೆಗಾಬಿಟ್. ಮೂರನೇ ಕೊಟೇಶನ್ನಿನ ಸಣ್ಣ ಅಂಕಿ ಅದಕ್ಕಿಂತ ಸಾಕಷ್ಟು ಮೇಲಿತ್ತು.

ಚೀಲದ ಮಾತಿನಲ್ಲೂ ಒಂದು ತೊಡಕಿದೆ. ಈಗಿನ ಬಹುತೇಕ ತಾಣಗಳ ಮಾತುಕತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋಗುತ್ತದೆ. ವಿಳಾಸದ ಪಕ್ಕ ಎಚ್‌ಟಿಟಿಪಿಎಸ್ ಎಂದು ಕಾಣುತ್ತದಲ್ಲ, ಅದು. ಕಾವಲುಗಾರ ಅದನ್ನು ಬಿಚ್ಚಬೇಕಾದರೆ ಪ್ರತಿ ಕಂಪ್ಯೂಟರಿಗೂ ಒಂದು ಪ್ರಮಾಣಪತ್ರ ಹಾಕಬೇಕು. ಹಾಕಿದರೆ ಕೆಲವು ತಾಣಗಳು, ಆಪ್‌ಗಳು ಮುನಿಸಿಕೊಳ್ಳುತ್ತವೆ. ಬ್ಯಾಂಕಿನ ವ್ಯವಹಾರವನ್ನಂತೂ ಬಿಚ್ಚಬಾರದು. ಬಿಚ್ಚದಿದ್ದರೆ ದುಡ್ಡು ಕೊಟ್ಟ ವೈರಸ್ ತಪಾಸಣೆಗೆ ಕಾಣುವುದೇ ಕಡಿಮೆ. ಮಾರುವವರು ಈ ಸಂಗತಿಯನ್ನು ತಾವಾಗಿ ಹೇಳುವುದು ಅಪರೂಪ. ಕಾಕಾನ ಪ್ರೆಸ್ಸಿಗೆ ಸದ್ಯ ಬಿಚ್ಚುವುದು ಬೇಡ ಎಂದೆ. ಅಪಾಯದ ತಾಣಗಳ ಹೆಸರು ನೋಡಿಯೇ ತಡೆಯುವ ವ್ಯವಸ್ಥೆ ಸಾಕು, ಉಳಿದದ್ದನ್ನು ಪ್ರತಿ ಕಂಪ್ಯೂಟರಿನ ಒಳಗಿನ ಆ್ಯಂಟಿವೈರಸ್ ನೋಡಿಕೊಳ್ಳಲಿ. ನನ್ನ ಕಸುಬಿನ ಗೆಳೆಯರು ಇದನ್ನು ಒಪ್ಪಲಿಕ್ಕಿಲ್ಲ. ಅವರು ಗದಗಕ್ಕೆ ಹೋಗಿ ಸೀಸನ್ನಿನ ನಡುವೆ ನಿಂತ ಬಿಲ್ಲಿಂಗನ್ನು ಸರಿಮಾಡುವುದಾದರೆ ನನ್ನ ಅಭ್ಯಂತರವಿಲ್ಲ.

“ವರ್ಷಾ ವರ್ಷಾ 24,000 ಯಾಕ? ಪೆಟಿಗಿ ನಮ್ಮದಲ್ಲೇನು?” ಅಂತ ಕಾಕಾ ಕೇಳಿದರು. ಪೆಟ್ಟಿಗೆ ನಮ್ಮದೇ. ಆದರೆ ಕಳ್ಳರ ಹೊಸ ಬೆರಳಚ್ಚುಗಳ ಪಟ್ಟಿ ದಿನವೂ ಬರಬೇಕು, ಅದಕ್ಕೆ ಚಂದಾ. ಚಂದಾ ನಿಂತರೆ ಹೆಚ್ಚಿನ ಪೆಟ್ಟಿಗೆಗಳು ಬರೀ ವಿಳಾಸ ನೋಡುವ ಹಳೆಯ ಕಾವಲುಗಾರನಾಗಿ ಉಳಿಯುತ್ತವೆ. ಅವಧಿ ಮೀರಿ ಕೆಲವು ದಿನ ಕಳೆದರೆ ಇಂಟರ್ನೆಟ್ಟನ್ನೇ ನಿಲ್ಲಿಸುವ ಪದ್ಧತಿಯೂ ಕೆಲವದರಲ್ಲಿದೆ. ಕೊಳ್ಳುವ ದಿನದ ಬೆಲೆ ನೋಡಬೇಡಿ, ಐದು ವರ್ಷದ ಒಟ್ಟು ಬೆಲೆ ಕೂಡಿಸಿ. ಕಾಕಾ ಕೂಡಿಸಿದರು. 58,000 ಮತ್ತು ನಾಲ್ಕು 24,000, ಒಟ್ಟು 1,54,000. ತಲೆ ಕೆರೆದುಕೊಂಡರು. ಆಮೇಲೆ ಹೋದ ತಿಂಗಳು ಯಂತ್ರ ನಿಂತ ದಿನಗಳ ಲೆಕ್ಕವನ್ನು ಪಕ್ಕದಲ್ಲಿ ಬರೆದರು. ತಲೆ ಕೆರೆಯುವುದು ನಿಂತಿತು.

ಪುಕ್ಕಟೆ ದಾರಿಯೂ ಇದೆ. ಹಳೆಯ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡು ಹಾಕಿ ಓಪಿಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್ ಎಂಬ ಉಚಿತ ತಂತ್ರಾಂಶ ತುಂಬಿದರೆ ಒಳ್ಳೆಯ ಫೈರ್‌ವಾಲೇ ಆಗುತ್ತದೆ. ಬೆಂಗಳೂರಿನ ನನ್ನ ಮನೆಯಲ್ಲಿ ಓಪಿಎನ್‌ಸೆನ್ಸ್ ಇದೆ. ತಮ್ಮ ಅದನ್ನೇ ಹಾಕು ಅಂದ. ನಾನು ಒಪ್ಪಲಿಲ್ಲ. ಡಿಸೆಂಬರಿನ ಒಂದು ರಾತ್ರಿ ಅದು ಮುಷ್ಕರ ಹೂಡಿದರೆ ಗದಗದಲ್ಲಿ ಅದನ್ನು ಬಲ್ಲವರು ಯಾರು? ನಾನು ಫೋನು ಎತ್ತದ ಹೊತ್ತಿನಲ್ಲಿ ಪ್ರೆಸ್ಸು ನಿಲ್ಲಬೇಕೇ? ಮೂರನೇ ಕೊಟೇಶನ್ನು ಕೊಟ್ಟವರ ಹುಬ್ಬಳ್ಳಿಯ ನಂಬರಿಗೆ ರಾತ್ರಿ ಒಂಬತ್ತಕ್ಕೆ, ಹೆಸರು ಹೇಳದೆ, ಫೋನು ಮಾಡಿ ನೋಡಿದೆವು. ಒಬ್ಬ ಹುಡುಗಿ ಎತ್ತಿಕೊಂಡು, ಕೇಳಿದ್ದಕ್ಕೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ನಾಳೆ ಕೇಳಿ ಹೇಳುತ್ತೇನೆ ಅಂದಳು. ಕಾಕಾ ಅಲ್ಲೇ ನಿರ್ಧಾರ ಮಾಡಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ನಿಮ್ಮದು ಮೂರು ಕಂಪ್ಯೂಟರಿನ ಅಂಗಡಿಯಾದರೆ ಇಷ್ಟೆಲ್ಲ ಬೇಕಾಗಿಲ್ಲ ಎಂದೂ ಹೇಳಿಬಿಡುತ್ತೇನೆ. ಕಂಪನಿಯವರು ಕೊಟ್ಟ ರೂಟರೇ ಹೊರಗಿನಿಂದ ಕರೆಯದೆ ಬರುವವರನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅದರ ಪಾಸ್‌ವರ್ಡು ಬದಲಿಸಿ, ‘ಪೋರ್ಟ್ ಫಾರ್ವರ್ಡಿಂಗ್’ ಎಂಬಲ್ಲಿ ಏನಾದರೂ ಇದ್ದರೆ ಅಳಿಸಿ, ‘ಯುಪಿಎನ್‌ಪಿ’ ಎಂಬುದನ್ನು ಆಫ್ ಮಾಡಿ. ವಿಂಡೋಸಿನೊಳಗೂ ಒಂದು ಫೈರ್‌ವಾಲ್ ಇದೆ, 2004ರಿಂದ ತಾನಾಗಿಯೇ ಆನ್ ಇರುತ್ತದೆ. ಪ್ರಿಂಟರು ಸಿಗುತ್ತಿಲ್ಲವೆಂದು ಯಾರೋ ಅದನ್ನು ಆಫ್ ಮಾಡಿ ಹೋಗಿರುತ್ತಾರೆ, ಹುಡುಕಿ ನೋಡಿ.

ಪೆಟ್ಟಿಗೆ ಬಂತು. ಕೂರಿಸಲು ಒಂದು ದಿನ ಸಾಕು ಅಂದಿದ್ದರು, ಮೂರು ದಿನ ಹಿಡಿಯಿತು. ಎಲ್ಲವನ್ನೂ ಮುಚ್ಚಿ, ಬೇಕಾದದ್ದನ್ನು ಒಂದೊಂದಾಗಿ ತೆರೆಯುವುದು ಸರಿಯಾದ ಕ್ರಮ. ಎಲ್ಲ ತೆರೆದಿಟ್ಟು ಬೇಡದ್ದನ್ನು ಮುಚ್ಚುತ್ತ ಹೋದರೆ ಮುಗಿಯುವುದೇ ಇಲ್ಲ. ಮೊದಲ ದಿನ ಹಾಜರಿ ಯಂತ್ರ ಕೈಕೊಟ್ಟಿತು, ಎರಡನೇ ದಿನ ಜಿಎಸ್‌ಟಿ ತಾಣ ತೆರೆಯಲಿಲ್ಲ. ತೆರೆದ ಒಂದೊಂದು ಬಾಗಿಲನ್ನೂ ಯಾರು ಕೇಳಿದರು, ಯಾಕೆ, ಯಾವ ತಾರೀಖು ಎಂದು ಒಂದು ರಿಜಿಸ್ಟರಿನಲ್ಲಿ ಬರೆಸಿದೆ. 3389 ಮುಚ್ಚಿತು. ಫೈರ್‌ವಾಲಿನ ಸ್ವಂತ ಆಡಳಿತದ ಪುಟ ಹೊರಗಿನಿಂದ ತೆರೆಯದಂತೆ ಮಾಡಿದೆವು. ಇದನ್ನು ಮರೆಯುವವರು ಬಹಳ.

ಜಗಳವಾದದ್ದು ಕ್ಯಾಮೆರಾ ವಿಷಯಕ್ಕೆ. ಮೊದಲು ಕಾಕಾ ಊಟ ಮಾಡುತ್ತ ಫೋನಿನಲ್ಲಿ ಒಂದು ಗುಂಡಿ ಒತ್ತಿ ಪ್ರೆಸ್ಸು ನೋಡುತ್ತಿದ್ದರು. ಈಗ ವಿಪಿಎನ್ ಹಚ್ಚಿ, ಆರು ಅಂಕಿ ಹಾಕಿ, ಆಮೇಲೆ ನೋಡಬೇಕು. “ಅಷ್ಟೊತ್ತಿಗೆ ಕಳ್ಳ ಊರ ದಾಟಿರತಾನ” ಅಂದರು. ಚಿಗವ್ವ ಒಳಗಿನಿಂದಲೇ, “ಊಟದಾಗ ಫೋನ್ ನೋಡೋದು ತಪ್ಪಿತಲ್ಲ, ಆ ಪೆಟಿಗಿಗೆ ಒಂದು ಕಾಯಿ ಒಡೀರಿ” ಅಂದಳು. ವ್ಯವಸ್ಥೆ ಹಾಗೇ ಉಳಿಯಿತು.

ದಾಖಲೆಗಳ ಮಾತು ಬಿಟ್ಟುಹೋಗುವುದು ಬೇಡ. ಭಾರತ ಸರಕಾರದ ಸೆರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಓಡಾಟದ ದಾಖಲೆಯನ್ನು 180 ದಿನ ಇಟ್ಟಿರಬೇಕು. ಚಿಕ್ಕ ಫೈರ್‌ವಾಲುಗಳಲ್ಲಿ ಹಲವಕ್ಕೆ ಒಳಗೆ ಡಿಸ್ಕೇ ಇರುವುದಿಲ್ಲ, ಕರೆಂಟು ಹೋದರೆ ನೆನಪೂ ಹೋಯಿತು. ದಾಖಲೆ ಎಲ್ಲಿ ಉಳಿಯುತ್ತದೆ, ಅದಕ್ಕೆ ಬೇರೆ ದುಡ್ಡೇ ಎಂದು ಕೊಳ್ಳುವ ಮುಂಚೆ ಕೇಳಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಕರೆ ಮಾಡಬೇಕಾದ ಸಂಖ್ಯೆ 1930.

ಹೊರಡುವ ದಿನ ಬೆಳಿಗ್ಗೆ ನಾನು ಮುಂದಿನ ಕೌಂಟರಿನ ಹತ್ತಿರ ಕೂತಿದ್ದೆ. ಒಬ್ಬರು ಬಂದು ಕಿಸೆಯಿಂದ ಪೆನ್‌ಡ್ರೈವ್ ತೆಗೆದು, “ಮಗಳ ಮದವಿ ಪತ್ರಿಕಿ ಇದರಾಗ ಐತ್ರಿ” ಎಂದು ಕೊಟ್ಟರು. ಡಿಸೈನಿನ ಅಕ್ಕ ಅದನ್ನು ತನ್ನ ಕಂಪ್ಯೂಟರಿಗೆ ಚುಚ್ಚಲು ಹೋದಳು. ನನ್ನ ಎದೆ ಮತ್ತೆ ಧಸಕ್ಕೆಂದಿತು. 58,000 ಕೊಟ್ಟು ಗೇಟಿಗೆ ಕಾವಲು ನಿಲ್ಲಿಸಿದ್ದೇವೆ, ಇವರು ಕೌಂಟರಿನ ಮೇಲಿಂದ ದಾಟಿ ಒಳಗೆ ಬಂದಿದ್ದಾರೆ! ಪೆನ್‌ಡ್ರೈವಿನಲ್ಲಿ ಬರುವುದು ಫೈರ್‌ವಾಲಿನ ಕಣ್ಣಿಗೆ ಬೀಳುವುದೇ ಇಲ್ಲ. ಅಚ್ಚಿನ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಪೆನ್‌ಡ್ರೈವ್ ಬರುತ್ತವೆ, ಬೇಡವೆಂದರೆ ಗಿರಾಕಿ ಪಕ್ಕದ ಪ್ರೆಸ್ಸಿಗೆ ಹೋಗುತ್ತಾನೆ. ಮೂರು ದಿನ ಇಡೀ ಪ್ರೆಸ್ಸು ಸುತ್ತಿ ಪಟ್ಟಿ ಬರೆದ ನನಗೆ ಇದು ಹೊಳೆದಿರಲಿಲ್ಲ.

ಬಸ್ಸು ಬಿಟ್ಟು ರಾತ್ರಿಯ ರೈಲಿಗೆ ಟಿಕೇಟು ಬದಲಾಯಿಸಿದೆ. ಗೋಡೌನಿನಲ್ಲಿದ್ದ ಒಂದು ಕಂಪ್ಯೂಟರನ್ನು ಕೌಂಟರಿಗೆ ತಂದು, ಅದಕ್ಕೊಂದು ಪ್ರತ್ಯೇಕ ಕೋಣೆ ಮಾಡಿ, ಹೊರಗಿನ ಪೆನ್‌ಡ್ರೈವೆಲ್ಲ ಮೊದಲು ಅದಕ್ಕೇ ಎಂದು ಗೊತ್ತುಮಾಡಿದೆವು. ಅಲ್ಲಿ ತಪಾಸಣೆಯಾದ ಮೇಲೆ ಚಿತ್ರದ ಕಡತವಷ್ಟೇ ಒಳಗೆ ಹೋಗುತ್ತದೆ. ಬೇರೆ ಕಂಪ್ಯೂಟರುಗಳಲ್ಲಿ ಪೆನ್‌ಡ್ರೈವ್ ಓದದಂತೆ ಮಾಡಿದ್ದಾಯಿತು. ಹುಡುಗಿ ಹಾಳಾದ ಮದುವೆ ಪತ್ರಿಕೆಯೊಂದರ ಹಿಂಬದಿಯಲ್ಲಿ ‘ಪೆನ್‌ಡ್ರೈವ್ ಮಾವನವರು ಇಲ್ಲೇ ಚಪ್ಪಲಿ ಬಿಡಬೇಕು’ ಎಂದು ಬರೆದು ಕಂಪ್ಯೂಟರಿಗೆ ಅಂಟಿಸಿದಳು. ಲೆಕ್ಕದ ಮೇಷ್ಟ್ರಿಗೆ ಹೊಸದೊಂದು ಡಿಸ್ಕು ಬಂತು. ಅವರ ಬಟ್ಟೆಯ ಗಂಟನ್ನು ಈಗ ಯಾರೂ ನಗುವುದಿಲ್ಲ. ಡಿಸೈನುಗಳ ಪ್ರತಿಯೂ ಅದರಲ್ಲೇ ಹೋಗುತ್ತದೆ. ಅಕ್ಕ ಹಳೆಯ ಪತ್ರಿಕೆಗಳನ್ನು ಬಂಧುಗಳ ಮನೆಗಳಿಂದ ಬೇಡಿ ತಂದು ಬಳ್ಳಿ ತೋರಣಗಳನ್ನು ಮತ್ತೆ ಸ್ಕ್ಯಾನ್ ಮಾಡುತ್ತಿದ್ದಾಳೆ. ಸುಮಾರು ಅರ್ಧ ಸಿಕ್ಕಿವೆಯಂತೆ.

ರೈಲಿಗೆ ಹೊರಡುವ ಮುನ್ನ ಕಾಕಾನನ್ನು ಕೂರಿಸಿಕೊಂಡು ಫೈರ್‌ವಾಲಿನ ದಾಖಲೆ ತೆರೆದು ತೋರಿಸಿದೆ. ಹಿಂದಿನ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಯಾರ‍್ಯಾರೋ ಬಾಗಿಲು ತಟ್ಟಿ ಹಿಂದೆ ಹೋದದ್ದು ನಾಲ್ಕು ಸಾವಿರ ಚಿಲ್ಲರೆ ಸಲ. ಕಾಕಾ ಕನ್ನಡಕ ಏರಿಸಿಕೊಂಡು ಆ ಉದ್ದದ ಪಟ್ಟಿಯನ್ನು ಪ್ರೂಫಿನಂತೆ ಮೇಲಿಂದ ಕೆಳಗೆ ನೋಡಿದರು.

“ಒಂದ ರಾತ್ರ್ಯಾಗ ಇಷ್ಟು ಮಂದಿ? ಇದರಾಗ ನಾಕ ಮಂದಿ ಹಗಲಿನ್ಯಾಗ ಬಂದಿದ್ರ ಉಳದಿರೋ ಡೈರಿ ಎಲ್ಲಾ ಖಾಲಿ ಆಗತಿದ್ದವಲ್ಲೋ ತಮ್ಮಾ!”